ಭಲ್ಲುಕೆಯ ಕುಂಬಾರ ಗುಂಡಯ್ಯ

ನನ್ನ ಬರವಣಿಗೆಯ ಮೇಜಿನ ಮೇಲೆ ಈಗ ಎರಡು ಮಣ್ಣಿನ ಪಾತ್ರೆಗಳಿವೆ. ಒಂದು, ದೂರದ ಮೆಕ್ಸಿಕೋ ದೇಶದಿಂದ ಬಂದ ಹೂದಾನಿ. ಆ ದೇಶದ ತೊನಲಾ ಎಂಬ ಊರಿನಲ್ಲಿ ಕೈಯಿಂದ ಮಾಡಿದ್ದು. ಕೆನೆಯ ಬಣ್ಣದ ಅದರ ಮೈಮೇಲೆ ಬೂದು, ನೀಲಿ, ನಸುಗೆಂಪು ವರ್ಣಗಳಲ್ಲಿ ಹಕ್ಕಿಗಳು ಕುಳಿತಿವೆ, ಬಳ್ಳಿಗಳು ಹಬ್ಬಿವೆ, ಹೂಗಳ ನಡುವೆ ಒಂದು ಜಿಂಕೆಯು ಕತ್ತು ಹೊರಳಿಸಿ ನೋಡುತ್ತಿದೆ. ಮೇಲೆ ಗಾಜಿನ ಲೇಪವಿಲ್ಲ. ಕಲ್ಲಿನಿಂದ ಉಜ್ಜಿ ಉಜ್ಜಿ ತಂದ ಹೊಳಪು ಅದು. ಇನ್ನೊಂದು, ಬೀಳಗಿ ತಾಲೂಕಿನ ನಮ್ಮ ಬಾಡಗಂಡಿಯ ಮನೆಯಲ್ಲಿ ಉಳಿದುಕೊಂಡಿದ್ದ ಗಡಿಗೆ. ನನ್ನ ಅಜ್ಜನ ಕೈಯದು. ಅದರ ಮೈಮೇಲೆ ಒಂದು ಹೂವಿಲ್ಲ, ಒಂದು ಎಲೆಯಿಲ್ಲ. ಆವಿಗೆಯ ಹೊಗೆಯು ಒಂದು ಮಗ್ಗುಲಿಗೆ ಬಳಿದ ಕರಿಯ ಛಾಯೆಯೊಂದೇ ಅದರ ಅಲಂಕಾರ.

ಹೂದಾನಿಯನ್ನು ತಂದುಕೊಟ್ಟವನು ನನ್ನ ಹಳೆಯ ವಿದ್ಯಾರ್ಥಿ. ಹೊರದೇಶದಲ್ಲಿ ನೌಕರಿಯಲ್ಲಿರುವ ಅವನು ರಜೆಗೆ ಬಂದಾಗ ಗುರುವನ್ನು ಮರೆಯಲಿಲ್ಲ. ಎರಡೂ ಪಾತ್ರೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ, ಬಹಳ ವಿನಯದಿಂದಲೇ ಅವನು ಒಂದು ಪ್ರಶ್ನೆ ಕೇಳಿದನು: ಅಲ್ಲಿಯ ಕುಂಬಾರರು ಮಣ್ಣಿನ ಮೇಲೆ ಇಡಿಯ ಅಡವಿಯನ್ನೇ ಬರೆದಿರುವಾಗ, ನಮ್ಮ ಕುಂಬಾರರು ಇಷ್ಟು ಶತಮಾನಗಳ ಕಾಲ ಬರಿಮೈಯ ಮಡಕೆಯನ್ನೇ ಮಾಡುತ್ತ ಬಂದದ್ದು ಏಕೆ, ನಮ್ಮಲ್ಲಿ ಕಲೆಯೇ ಇರಲಿಲ್ಲವೇ ಎಂದು. ಕುಂಬಾರರ ಮನೆಯಲ್ಲಿ ಹುಟ್ಟಿ, ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕನ್ನಡ ಪಾಠ ಹೇಳಿದ ನನಗೆ ಆಗ ಉತ್ತರ ಹೊಳೆಯಲಿಲ್ಲ. ಅವನು ಹೋದ ಮೇಲೆ ಎಂಟು ನೂರು ವರ್ಷಗಳ ಹಿಂದಿನ ಒಬ್ಬ ಕುಂಬಾರನು ನೆನಪಿಗೆ ಬಂದನು. ಆ ಮಹಾನುಭಾವನ ಚರಿತ್ರೆಯನ್ನು ಹೇಳುವುದೇ ನನ್ನ ಉತ್ತರವಾಗಬಹುದೆಂದು ಈ ಲೇಖನವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಆತನೇ ಕುಂಬಾರ ಗುಂಡಯ್ಯ. ಹನ್ನೆರಡನೆಯ ಶತಮಾನದ ಶರಣ. ಊರು ಭಲ್ಲುಕೆ, ಇಂದಿನ ಬೀದರ ಜಿಲ್ಲೆಯ ಭಾಲ್ಕಿಯೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಬಸವಣ್ಣನವರ ಕಲ್ಯಾಣವು ಅಲ್ಲಿಂದ ಹೆಚ್ಚು ದೂರದಲ್ಲಿಲ್ಲ. ಆ ಕಾಲದ ಕಲ್ಯಾಣದ ಸುತ್ತಮುತ್ತ ಒಂದು ಅಪೂರ್ವವಾದ ಘಟನೆ ನಡೆದಿತ್ತು. ಬಟ್ಟೆ ಒಗೆಯುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಬಿದಿರು ಸೀಳುವ ಕೇತಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚರ್ಮ ಹದಮಾಡುವ ಹರಳಯ್ಯ ಇವರೆಲ್ಲರೂ ತಮ್ಮ ಕಸುಬನ್ನು ಬಿಡದೆಯೇ, ಕಸುಬಿನ ಹೆಸರನ್ನು ತಮ್ಮ ಹೆಸರಿನ ಮುಂದೆ ನಿಸ್ಸಂಕೋಚವಾಗಿ ಇಟ್ಟುಕೊಂಡು, ಸಮಾಜದಲ್ಲಿ ತಲೆಯೆತ್ತಿ ನಿಂತರು. ದುಡಿಮೆಗೆ ಕಾಯಕವೆಂಬ ಹೊಸ ಹೆಸರು ಬಂದಿತು. ಆ ಸಾಲಿನಲ್ಲಿ ಮಣ್ಣಿನ ಕಾಯಕದವನು ನಮ್ಮ ಗುಂಡಯ್ಯ.

ಗುಂಡಯ್ಯನ ಚರಿತ್ರೆಯನ್ನು ಕನ್ನಡಕ್ಕೆ ಕೊಟ್ಟವನು ಹಂಪೆಯ ಹರಿಹರ. ಹನ್ನೆರಡನೆಯ ಶತಮಾನದ ಕೊನೆಯಲ್ಲಿಯೂ ಹದಿಮೂರನೆಯ ಶತಮಾನದ ಮೊದಲಲ್ಲಿಯೂ ಬಾಳಿದ ಕವಿ. ರಾಘವಾಂಕನ ಸೋದರಮಾವ, ಗುರು. ಮೊದಲು ದೋರಸಮುದ್ರದ ಅರಮನೆಯಲ್ಲಿ ಲೆಕ್ಕ ಬರೆಯುವ ಕರಣಿಕನಾಗಿದ್ದು, ಆ ಉದ್ಯೋಗವನ್ನು ಬಿಟ್ಟು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಪ್ರತೀತಿಯಿದೆ. ಅವನಿಗಿಂತ ಹಿಂದಿನ ನಮ್ಮ ಮಹಾಕವಿಗಳ ಕಾವ್ಯಗಳಲ್ಲಿ ನಾಯಕರಾಗಿದ್ದವರು ಅರಸರು, ತೀರ್ಥಂಕರರು, ಭಾರತದ ವೀರರು. ನಮ್ಮ ಮುಧೋಳದಲ್ಲಿ ೯೪೯ರಲ್ಲಿ ಹುಟ್ಟಿದ ರನ್ನನು ಬಳೆಗಾರರ ಮನೆಯ ಮಗ. ಬಳೆಯ ಮಲಾರದಿಂದ ಹೊರಟು ಚಾಲುಕ್ಯರ ಆಸ್ಥಾನದವರೆಗೆ ನಡೆದು ಕವಿಚಕ್ರವರ್ತಿಯೆನಿಸಿದವನು. ಆದರೂ ಅವನ ಗದಾಯುದ್ಧದಲ್ಲಿ ಬಳೆಗಾರನಿಗೆ ಸ್ಥಳವಿರಲಿಲ್ಲ. ಭೀಮನಿಗೂ ಅವನೊಡನೆ ಸಮೀಕರಿಸಲ್ಪಟ್ಟ ಅರಸನಿಗೂ ಸ್ಥಳವಿತ್ತು. ಅದು ಆ ಕಾಲದ ರೀತಿ. ಹರಿಹರನು ಆ ರೀತಿಯನ್ನು ಮುರಿದನು. ಚಂಪುವಿನ ಭಾರವಾದ ಪಲ್ಲಕ್ಕಿಯಿಂದ ಇಳಿದು ರಗಳೆಯ ಹಗುರವಾದ ನಡಿಗೆಯಲ್ಲಿ ಭಕ್ತರ ಮನೆಬಾಗಿಲುಗಳಿಗೆ ಹೋದನು. ಹಾಗೆ ಅವನು ಹೋಗಿ ನಿಂತ ಬಾಗಿಲುಗಳಲ್ಲಿ ಭಲ್ಲುಕೆಯ ಈ ಕುಂಬಾರನದೂ ಒಂದು.

ಹರಿಹರನ ಗುಂಡಯ್ಯನು ಯುದ್ಧ ಮಾಡಲಿಲ್ಲ, ವಾದದಲ್ಲಿ ಯಾರನ್ನೂ ಸೋಲಿಸಲಿಲ್ಲ, ರಾಜನ ಮುಂದೆ ಪವಾಡವನ್ನು ತೋರಿಸಲಿಲ್ಲ. ಮಡಕೆ ಮಾಡಿದನು. ಅವನ ಇಡಿಯ ಬಾಳು ಆ ಒಂದು ವಾಕ್ಯದಲ್ಲಿ ಅಡಗಿದೆ. ಆದರೆ ಮಾಡುವ ಬಗೆಯು ಬೇರೆಯಾಗಿತ್ತು. ಹೊರಗೆ ತಿಗರಿಯು ತಿರುಗುತ್ತಿರುವಾಗ ಅವನ ಒಳಗೂ ಒಂದು ತಿಗರಿ ತಿರುಗುತ್ತಿತ್ತು. ತನ್ನ ದೇಹವನ್ನೇ ಮಿದ್ದ ಮಣ್ಣೆಂದು ಭಾವಿಸಿ, ಯೋಗಿಗಳು ಹೇಳುವ ಒಳಗಣ ಚಕ್ರವನ್ನೇ ಕುಂಬಾರಚಕ್ರವೆಂದು ತಿಳಿದು, ಶಿವನ ನೆನಹಿನಿಂದ ತನ್ನನ್ನು ತಾನೇ ಘಟವಾಗಿ ರೂಪಿಸಿಕೊಳ್ಳುತ್ತಿದ್ದನೆಂದು ಹರಿಹರನು ವರ್ಣಿಸುತ್ತಾನೆ. ಯೋಗಶಾಸ್ತ್ರದ ಗಹನವಾದ ಮಾತುಗಳು ಇಲ್ಲಿ ಕುಂಬಾರರ ಅಂಗಳಕ್ಕೆ ಬಂದು ಮಣ್ಣು ಮೆತ್ತಿಕೊಂಡು ನಿಂತಿವೆ. ಪೂಜೆಗೆಂದು ಕೆಲಸವನ್ನು ನಿಲ್ಲಿಸಿ ಎದ್ದುಹೋಗುವ ಅಗತ್ಯವೇ ಅವನಿಗೆ ಬೀಳಲಿಲ್ಲ.

ಮಡಕೆಗಳು ಆದ ಮೇಲೆ ಗುಂಡಯ್ಯನು ಅವುಗಳನ್ನು ಬಾಜಿಸತೊಡಗುತ್ತಾನೆ. ಇದೇ ಆ ಚರಿತ್ರೆಯ ಹೃದಯ. ವೀಣೆಯಲ್ಲ, ಮೃದಂಗವಲ್ಲ, ಬರಿಯ ಮಡಕೆ. ಅವನ ಕೈಬಡಿತಕ್ಕೆ ಘಟವು ನಾದಗೈಯುತ್ತದೆ. ಆ ನಾದಕ್ಕೆ ಅವನ ಕಾಲು ಕುಣಿಯುತ್ತದೆ. ಭಲ್ಲುಕೆಯ ಒಂದು ಮಣ್ಣಿನ ಅಂಗಳದಲ್ಲಿ ಎದ್ದ ಆ ದನಿಯು ಕೈಲಾಸವನ್ನು ಮುಟ್ಟುತ್ತದೆ. ಶಿವನಿಗೆ ಕುಳಿತಲ್ಲಿ ಕೂಡ್ರಲಾಗುವುದಿಲ್ಲ. ದೇವಗಣದ ಹಾಡು ಕುಣಿತಗಳ ನಡುವೆ ಇರುವ ಆ ನಾಟ್ಯದೊಡೆಯನು ಅವೆಲ್ಲವನ್ನೂ ಬಿಟ್ಟು ಕುಂಬಾರನ ಅಂಗಳಕ್ಕೆ ಇಳಿದು ಬಂದು, ಗುಂಡಯ್ಯನ ಬಡಿತಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಾನೆ. ಕುಣಿಯುತ್ತಿರುವ ಶಿವನನ್ನು ಕಂಡ ಗುಂಡಯ್ಯನ ಆನಂದವು ಎರಡು ಮಡಿಯಾಗುತ್ತದೆ. ಇವನ ಕುಣಿತದಿಂದ ಅವನೂ ಅವನ ಕುಣಿತದಿಂದ ಇವನೂ ಮೈಮರೆಯುತ್ತಾರೆ. ನೋಡುನೋಡುತ್ತಿರುವಂತೆಯೇ ಆ ಕುಣಿತವು ಅಂಗಳವನ್ನು ದಾಟಿ ಲೋಕವನ್ನೆಲ್ಲ ವ್ಯಾಪಿಸುತ್ತದೆ. ಕೊನೆಗೆ ಶಿವನು ಅವನನ್ನು ತನ್ನೊಡನೆ ಕೈಲಾಸಕ್ಕೆ ಕರೆದೊಯ್ಯುತ್ತಾನೆ. ಚರಿತ್ರೆಯು ಅಲ್ಲಿಗೆ ಮುಗಿಯುತ್ತದೆ. ಹರಿಹರನ ರಗಳೆಗಳಲ್ಲಿ ಇದು ಚಿಕ್ಕವುಗಳ ಸಾಲಿನದು. ಆದರೆ ಓದಿ ಮುಗಿಸಿದ ಮೇಲೆಯೂ ಕಿವಿಯಲ್ಲಿ ಬಹಳ ಹೊತ್ತು ಉಳಿಯುವಂಥದು.

ಈ ರಗಳೆಯನ್ನು ನಾನು ಮೊದಲು ಓದಿದ್ದು ಕಾಲೇಜಿನಲ್ಲಿ. ನಮ್ಮ ಅಧ್ಯಾಪಕರು ರಸವತ್ತಾಗಿ ಪಾಠ ಹೇಳಿದರು, ಭಕ್ತಿಯ ಪರಾಕಾಷ್ಠೆಯೆಂದರು, ಮಡಕೆಯನ್ನು ಬಾಜಿಸುವುದು ಕವಿಯ ಕಲ್ಪನಾವಿಲಾಸವೆಂದರು. ತರಗತಿಯಲ್ಲಿ ಎಲ್ಲರೂ ಹಾಗೆಯೇ ಟಿಪ್ಪಣಿ ಬರೆದುಕೊಂಡರು. ನಾನೂ ಬರೆದುಕೊಂಡೆನು. ಅದು ಬರಿಯ ಕಲ್ಪನೆಯಲ್ಲವೆಂದು ಆ ಕೋಣೆಯಲ್ಲಿ ಬಲ್ಲವನು ನಾನೊಬ್ಬನೇ ಇದ್ದೆನು. ಆದರೆ ಬಾಯಿ ಬಿಡಲಿಲ್ಲ. ಏಕೆ ಬಿಡಲಿಲ್ಲವೆಂಬುದನ್ನು ಹೇಳಬೇಕಾದರೆ ನಮ್ಮ ಮನೆಯ ಅಂಗಳಕ್ಕೆ ಹೋಗಬೇಕು.

ಹೊರಗಿನವರು ಮಡಕೆಯೆಂದರೆ ತಿಗರಿಯ ಮೇಲೆ ಹುಟ್ಟುವ ವಸ್ತುವೆಂದು ತಿಳಿಯುತ್ತಾರೆ. ಅದು ಅರ್ಧ ಸತ್ಯ. ಕೆರೆಯ ಮಣ್ಣನ್ನು ಕತ್ತೆಯ ಮೇಲೆ ಹೇರಿ ತಂದು, ಒಣಗಿಸಿ, ಕುಟ್ಟಿ, ಸಾಣಿಸಿ, ನೀರಿನಲ್ಲಿ ನೆನೆಯಿಟ್ಟು, ಬೂದಿಯನ್ನೂ ಲದ್ದಿಯನ್ನೂ ಬೆರೆಸಿ ಕಾಲಿನಿಂದ ತುಳಿದು ಹದಕ್ಕೆ ತರಬೇಕು. ಕೋಲಿನಿಂದ ತಿಗರಿಯನ್ನು ತಿರುವಿ, ಮಣ್ಣಿನ ಮುದ್ದೆಯಿಂದ ಕಂಠವನ್ನೂ ಹೆಗಲನ್ನೂ ಎಬ್ಬಿಸಿ, ದಾರದಿಂದ ಕೊಯ್ದು ಇಳಿಸಬೇಕು. ಆಗ ಅದಿನ್ನೂ ದಪ್ಪ ಗೋಡೆಯ ಸಣ್ಣ ಪಾತ್ರೆ. ಅರ್ಧ ಆರಿದ ಮೇಲೆ, ಒಳಗೆ ಒಂದು ಗುಂಡುಕಲ್ಲನ್ನು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಿಂದ ತಟ್ಟುತ್ತ, ಸುತ್ತ ತಿರುಗಿಸುತ್ತ, ಗೋಡೆಯನ್ನು ತೆಳುವಾಗಿಸಿ ಹೊಟ್ಟೆಯನ್ನು ಹಿಗ್ಗಿಸಬೇಕು. ಗಡಿಗೆಯ ದುಂಡನೆಯ ತಳವು ಹುಟ್ಟುವುದು ಈ ಬಡಿತದಿಂದಲೇ ಹೊರತು ತಿಗರಿಯಿಂದಲ್ಲ. ಒಂದೊಂದು ಗಡಿಗೆಗೂ ನೂರಾರು ಪೆಟ್ಟು ಬೀಳಬೇಕು. ಒಂದು ಪೆಟ್ಟು ಹೆಚ್ಚಾದರೆ ಗೋಡೆ ಹರಿಯುತ್ತದೆ, ಕಡಿಮೆಯಾದರೆ ದಪ್ಪ ಉಳಿದು ಆವಿಗೆಯಲ್ಲಿ ಸೀಳುತ್ತದೆ. ಗೋಡೆಯು ಎಷ್ಟು ತೆಳುವಾಯಿತೆಂಬುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಿವಿಯಿಂದ ತಿಳಿಯಬೇಕು. ಮಣ್ಣು ತೆಳುವಾದಂತೆ ದನಿಯು ಬದಲಾಗುತ್ತದೆ. ನನ್ನ ಅಜ್ಜನಿಗೆ ವಯಸ್ಸಿನಲ್ಲಿ ಕಣ್ಣು ಮಂಜಾದ ಮೇಲೆಯೂ ಅವನ ಗಡಿಗೆಗಳು ಕೆಡಲಿಲ್ಲ. ಅವನು ಕಿವಿಗೊಟ್ಟು ಬಡಿಯುತ್ತಿದ್ದನು.

ನಸುಕಿನಲ್ಲಿ ಎದ್ದರೆ ನಮ್ಮ ಮನೆಯಿಂದ ಆ ದನಿ ಕೇಳಿಬರುತ್ತಿತ್ತು. ಊರಿನವರಿಗೆ ಅದು ಅಭ್ಯಾಸವಾಗಿದ್ದಿತು. ಆದರೆ ಶಾಲೆಯಲ್ಲಿ ಜೊತೆಯ ಹುಡುಗರು ಬೆರಳುಗಳಿಂದ ಹಲಗೆಯನ್ನು ಬಡಿದು ನನ್ನ ಅಜ್ಜನನ್ನು ಅನುಕರಿಸಿ ನಗುತ್ತಿದ್ದರು. ಮಕ್ಕಳ ನಗೆ, ಅದರಲ್ಲಿ ದ್ವೇಷವಿರಲಿಲ್ಲ. ಆದರೂ ಆ ನಗೆಯು ನನ್ನೊಳಗೆ ಇಳಿಯಿತು. ನಾನು ಓದಿನಲ್ಲಿ ಮುಂದಾದಂತೆ ಆ ದನಿಯಿಂದ ದೂರ ಸರಿದೆನು. ರಜೆಯಲ್ಲಿ ಮನೆಗೆ ಹೋದಾಗ ಅಜ್ಜನು ಒಮ್ಮೆ ಹಲಗೆಯನ್ನು ನನ್ನ ಕೈಗೆ ಕೊಡಲು ಬಂದನು. ಪರೀಕ್ಷೆಯ ನೆಪ ಹೇಳಿ ಎದ್ದುಹೋದೆನು. ಅವನು ಏನೂ ಅನ್ನಲಿಲ್ಲ. ಮತ್ತೆಂದೂ ಕೊಡಲಿಕ್ಕೂ ಬರಲಿಲ್ಲ. ಅದೇ ವರ್ಷ ಕಾಲೇಜಿನಲ್ಲಿ ಗುಂಡಯ್ಯನ ರಗಳೆಯು ಪಾಠವಾಗಿ ಬಂದಿತು. ಶಿವನು ಕುಣಿದದ್ದು ಯಾವ ದನಿಗೆಂದು ತಿಳಿದಿದ್ದೂ ನಾನು ಸುಮ್ಮನೆ ಕುಳಿತೆನು.

ಈಗ ಆ ಚರಿತ್ರೆಯನ್ನು ಓದುವಾಗ ನನಗೆ ತೋರುವುದಿಷ್ಟು. ಹರಿಹರನು ಮಡಕೆಯನ್ನು ವಾದ್ಯವಾಗಿ ಮಾಡಿದ್ದು ಬರಿಯ ಚಮತ್ಕಾರಕ್ಕಲ್ಲ. ಕುಂಬಾರನ ಕೆಲಸದಲ್ಲಿ ಮೊದಲಿನಿಂದಲೂ ಬಡಿತವಿದೆ, ನಾದವಿದೆ. ಆವಿಗೆಯಿಂದ ತೆಗೆದ ಗಡಿಗೆಯನ್ನು ಕುಂಬಾರನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡುತ್ತಾನೆ. ಚೆನ್ನಾಗಿ ಬೆಂದದ್ದು ಕಂಚಿನಂತೆ ದನಿಗೊಡುತ್ತದೆ. ಬಿರುಕು ಬಿಟ್ಟದ್ದು ಒಡಕು ದನಿಯಿಂದ ತನ್ನ ದೋಷವನ್ನು ತಾನೇ ಹೇಳುತ್ತದೆ. ಆ ಪರೀಕ್ಷೆಯ ದನಿಯೇ ಗುಂಡಯ್ಯನ ಕೈಯಲ್ಲಿ ಹಾಡಾಯಿತು. ಕೆಲಸ ಬೇರೆ, ಸಂಗೀತ ಬೇರೆ, ಪೂಜೆ ಬೇರೆ ಎಂಬ ಮೂರು ಗೋಡೆಗಳು ಅವನ ಅಂಗಳದಲ್ಲಿ ಇರಲಿಲ್ಲ. ಇಂದಿಗೂ ದಕ್ಷಿಣದ ಸಂಗೀತ ಸಭೆಗಳಲ್ಲಿ ಘಟವೆಂಬ ಹೆಸರಿನಿಂದ ಮಣ್ಣಿನ ಗಡಿಗೆಯು ಮೃದಂಗದ ಪಕ್ಕದಲ್ಲಿ ಮರ್ಯಾದೆಯಿಂದ ಕುಳಿತಿರುತ್ತದೆ. ಅದನ್ನು ಕೇಳಿ ತಲೆದೂಗುವ ನಾವು ಅದನ್ನು ಮಾಡಿದವನ ಅಂಗಳದ ನಸುಕಿನ ಬಡಿತವನ್ನು ಗದ್ದಲವೆಂದು ಎಣಿಸುತ್ತೇವೆ.

ಗುಂಡಯ್ಯನ ಬಾಳನ್ನು ಹೇಳುವಾಗ ಕೇತಲದೇವಿಯನ್ನು ಮರೆಯಲಾಗದು. ಆಕೆಯನ್ನು ಗುಂಡಯ್ಯಗಳ ಪುಣ್ಯಸ್ತ್ರೀಯೆಂದು ವಚನಸಾಹಿತ್ಯದ ಪರಂಪರೆಯು ಗೌರವದಿಂದ ಸ್ಮರಿಸುತ್ತದೆ. ಆಕೆಯೂ ವಚನಕಾರ್ತಿ, ಅಂಕಿತವು ಕುಂಭೇಶ್ವರ. ಫ. ಗು. ಹಳಕಟ್ಟಿಯವರು ನಮ್ಮ ವಿಜಾಪುರದಲ್ಲಿ ಕುಳಿತು ತಾಳೆಯೋಲೆಗಳನ್ನು ಅರಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿ, ಮುಂದೆ ಮನೆಯನ್ನು ಮಾರಿಯೂ ಅಚ್ಚಿನ ಕೆಲಸವನ್ನು ನಡೆಸದೆ ಇದ್ದಿದ್ದರೆ ಇಂಥ ಶರಣೆಯರ ದನಿಗಳನ್ನು ನಾವು ಕೇಳುವುದು ಎಷ್ಟು ತಡವಾಗುತ್ತಿತ್ತೋ! ಕೇತಲದೇವಿಯ ವಚನದ ತಾತ್ಪರ್ಯವು ಸರಳವಾಗಿದೆ. ಹದವಾದ ಮಣ್ಣಿಲ್ಲದೆ ಮಡಕೆಯಾಗದು. ಹಾಗೆಯೇ ವ್ರತನಿಷ್ಠೆಯಿಲ್ಲದವರ ಸಂಗವು ಸಲ್ಲದು ಎಂಬುದು ಅದರ ಸಾರ. ಪಂಡಿತರು ಇದರಲ್ಲಿ ಎರಡನೆಯ ಮಾತಿಗೆ ವ್ಯಾಖ್ಯಾನ ಬರೆಯುತ್ತಾರೆ. ನನಗೆ ಮೊದಲನೆಯ ಮಾತೇ ದೊಡ್ಡದೆನ್ನಿಸುತ್ತದೆ. ಅದು ಪುಸ್ತಕದಿಂದ ಬಂದ ಉಪಮೆಯಲ್ಲ. ಮೊಣಕಾಲಿನವರೆಗೆ ಮಣ್ಣಿನಲ್ಲಿ ನಿಂತು ತುಳಿದವಳ ಮಾತು. ಮಣ್ಣು ಹದಕ್ಕೆ ಬಂದಿತೇ ಇಲ್ಲವೇ ಎಂಬುದನ್ನು ನಮ್ಮ ಮನೆಯಲ್ಲಿ ನಿರ್ಣಯಿಸುತ್ತಿದ್ದವಳು ಅವ್ವ. ಅವಳು ಹಿಡಿಯಷ್ಟು ಮಣ್ಣನ್ನು ಹೊಸೆದು ಬಳೆಯಂತೆ ಬಾಗಿಸಿ ನೋಡಿ ಹೂಂ ಅನ್ನುವವರೆಗೆ ಅಜ್ಜನು ತಿಗರಿಗೆ ಕೈಹಚ್ಚುತ್ತಿರಲಿಲ್ಲ. ಭಲ್ಲುಕೆಯ ಮನೆಯಲ್ಲಿಯೂ ಹಾಗೆಯೇ ಇದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು. ಶಿವನನ್ನು ಕುಣಿಸಿದ ಮಡಕೆಯ ನಾದದಲ್ಲಿ ಅರ್ಧ ಪಾಲು ಮಣ್ಣನ್ನು ಹದಗೊಳಿಸಿದವಳದು.

ಇಲ್ಲಿ ಇನ್ನೊಬ್ಬ ಕುಂಬಾರ ಸಂತನ ಹೆಸರನ್ನು ಎತ್ತುವುದು ಅವಶ್ಯ. ನಮ್ಮ ಭಾಗದ ಜನರು ಪಂಢರಪುರದ ವಾರಿಗೆ ಹೋಗುವವರು. ಮರಾಠಿಯ ಅಭಂಗಗಳು ಅವರಿಗೆ ಹೊಸವಲ್ಲ. ಧಾರಾಶಿವ ಜಿಲ್ಲೆಯ ತೇರ ಎಂಬ ಊರಿನ ಗೋರಾ ಕುಂಬಾರನು ಗುಂಡಯ್ಯನಿಗಿಂತ ಸುಮಾರು ನೂರು ವರ್ಷ ಈಚೆಯವನು, ವಿಠ್ಠಲನ ಭಕ್ತ. ೧೯೭೪ರಲ್ಲಿ ರಾಜಕುಮಾರರು ನಟಿಸಿದ ಭಕ್ತ ಕುಂಬಾರ ಚಲಚ್ಚಿತ್ರವು ಬಂದ ಮೇಲೆ ಕನ್ನಡಿಗರಿಗೆಲ್ಲ ಅವನ ಕಥೆ ಪರಿಚಿತವಾಯಿತು. ಭಜನೆಯಲ್ಲಿ ಮೈಮರೆತು ಮಣ್ಣು ತುಳಿಯುತ್ತಿರುವಾಗ ಅವನ ಕಾಲ ಕೆಳಗೆ ಅವನ ಹಸುಗೂಸೇ ಸಿಕ್ಕು ಹೋಗುತ್ತದೆ. ಕೊನೆಗೆ ದೇವರ ಕೃಪೆಯಿಂದ ಬದುಕಿ ಬರುತ್ತದೆ. ಸಂತರ ನೆತ್ತಿಗಳನ್ನು ಮಡಕೆಗಳಂತೆ ತಟ್ಟಿ ನೋಡಿ, ನಾಮದೇವನ ಗಡಿಗೆಯು ಇನ್ನೂ ಹಸಿಯಾಗಿದೆಯೆಂದು ಗೋರಾನು ತೀರ್ಪು ಕೊಟ್ಟನೆಂಬ ಕಥೆಯೂ ಇದೆ. ಹಲವರು ಈ ಇಬ್ಬರನ್ನೂ ಒಬ್ಬರೆಂದೇ ತಿಳಿಯುತ್ತಾರೆ. ಆದರೆ ಇಬ್ಬರ ನಡುವೆ ಮುಖ್ಯವಾದ ಒಂದು ಭೇದವಿದೆ. ಗೋರಾನ ಕಥೆಯಲ್ಲಿ ಭಕ್ತಿಯು ಅವನನ್ನು ಕೆಲಸದಿಂದ ಆಚೆಗೆ ಒಯ್ಯುತ್ತದೆ. ಕಾಲಿನ ಕೆಳಗೆ ಏನಿದೆಯೆಂಬುದೇ ಅವನಿಗೆ ತಿಳಿಯದಾಗುತ್ತದೆ. ಗುಂಡಯ್ಯನ ಚರಿತ್ರೆಯಲ್ಲಿ ಭಕ್ತಿಯು ಅವನನ್ನು ಕೆಲಸದ ಇನ್ನೂ ಒಳಗೆ ಒಯ್ಯುತ್ತದೆ. ಎರಡು ಕಥೆಗಳಲ್ಲಿಯೂ ಕುಂಬಾರನ ತಟ್ಟುವ ಬೆರಳು ಮಾತ್ರ ಸಮಾನವಾಗಿದೆ. ಸಂತನಾಗಲಿ ಗಡಿಗೆಯಾಗಲಿ, ದನಿಯಿಂದಲೇ ಪರೀಕ್ಷೆ.

ಇನ್ನು ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರುತ್ತೇನೆ. ನಮ್ಮ ಕುಂಬಾರರು ಹೂಬಳ್ಳಿಗಳನ್ನು ಬರೆಯಲೇ ಇಲ್ಲವೆಂಬುದು ನಿಜವಲ್ಲ. ಮದುವೆಯ ಮನೆಯವರು ಬಾಜಾಬಜಂತ್ರಿಯೊಡನೆ ಕುಂಬಾರರ ಮನೆಗೆ ಬಂದು ಐರಣಿಯ ಗಡಿಗೆಗಳನ್ನು ಒಯ್ಯುವುದು ನಮ್ಮ ಕಡೆಯ ಸಂಪ್ರದಾಯ. ಆ ಗಡಿಗೆಗಳ ಮೇಲೆ ಸುಣ್ಣದಿಂದಲೂ ಕೆಮ್ಮಣ್ಣಿನಿಂದಲೂ ಅವ್ವನು ಗೆರೆಗಳನ್ನೂ ಚುಕ್ಕೆಗಳನ್ನೂ ಎಲೆಗಳನ್ನೂ ಬರೆಯುತ್ತಿದ್ದಳು. ಮುಂಗಾರು ಹಿಡಿಯುವ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ. ಮನೆಮನೆಗೂ ಜೋಡೆತ್ತುಗಳು ಹೋಗಬೇಕು. ಆಷಾಢದ ಮಂಗಳವಾರಗಳಲ್ಲಿ ಗುಲಗಂಜಿಯ ಕಣ್ಣುಗಳನ್ನು ಚುಚ್ಚಿಸಿಕೊಂಡ ಗುಳ್ಳವ್ವ. ಶ್ರಾವಣದಲ್ಲಿ ಹೆಡೆಯೆತ್ತಿದ ನಾಗಪ್ಪ. ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಮಳೆಯನ್ನು ತರುವ ಜೋಕುಮಾರ. ಎತ್ತು, ಹಾವು, ಬೀಜ, ಎಲೆ, ಮಳೆ, ಹೀಗೆ ಪ್ರಕೃತಿಯೆಲ್ಲವೂ ನಮ್ಮ ಅಂಗಳದ ಮಣ್ಣಿನಲ್ಲಿ ಮೂಡುತ್ತಿತ್ತು. ಆದರೆ ಅದು ಉಳಿಯುತ್ತಿರಲಿಲ್ಲ. ಪೂಜೆ ಮುಗಿದ ಮೇಲೆ ಎತ್ತುಗಳೂ ಗಣಪನೂ ಹೊಳೆಗೆ ಇಲ್ಲವೆ ಬಾವಿಗೆ ಹೋಗಿ ಮತ್ತೆ ಮಣ್ಣಾಗುತ್ತಿದ್ದವು. ಮದುವೆಯ ಗಡಿಗೆಯ ಸುಣ್ಣದ ಎಲೆಗಳು ನೀರು ತಾಗಿ ಅಳಿಸಿಹೋಗುತ್ತಿದ್ದವು. ನಮ್ಮವರು ಚಿತ್ರವನ್ನು ಋತುವಿಗೆ ಕೊಟ್ಟರು, ನಿತ್ಯದ ಗಡಿಗೆಗೆ ದನಿಯನ್ನೂ ತಂಪನ್ನೂ ಕೊಟ್ಟರು. ಮೇಜಿನ ಮೇಲೆ ನೂರು ವರ್ಷ ಇರಲಿ ಎಂಬ ಆಸೆಯು ಆ ಕಲೆಗೆ ಇರಲಿಲ್ಲ. ಆದುದರಿಂದಲೇ ಅದನ್ನು ಎತ್ತಿ ತೋರಿಸಲು ನನ್ನ ಬಳಿ ಇಂದು ಏನೂ ಉಳಿದಿಲ್ಲ.

ಹಾಗೆಂದು ತೊನಲಾದ ಹೂದಾನಿಯನ್ನು ಕಡಿಮೆಯೆಂದು ನಾನು ಹೇಳಲಾರೆನು. ಅದನ್ನು ಮಾಡಿದ ಕೈಗಳೂ ನನ್ನ ಬಳಗದವೇ. ಸ್ಪೇನಿನವರು ೧೫೧೯ರಲ್ಲಿ ಮೆಕ್ಸಿಕೋದ ನೆಲಕ್ಕೆ ಬರುವವರೆಗೆ ಅಲ್ಲಿಯ ಕುಂಬಾರರಿಗೆ ತಿಗರಿಯೇ ಗೊತ್ತಿರಲಿಲ್ಲ. ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ, ಬೆರಳಿನಿಂದ ಬೆಸೆದು, ಅಚ್ಚಿನ ಮೇಲೆ ಒತ್ತಿ, ತಿಗರಿಯಿಂದ ಬಂದಷ್ಟೇ ದುಂಡಾದ ಪಾತ್ರೆಗಳನ್ನು ಅವರು ಮಾಡುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ತೊನಲಾದ ಹೂಜಿಗಳು ಹಡಗುಗಳಲ್ಲಿ ಸ್ಪೇನಿಗೆ ಹೋದವು. ಅವುಗಳಲ್ಲಿ ಇಟ್ಟ ನೀರಿಗೆ ಬರುವ ಮಣ್ಣಿನ ಸುವಾಸನೆಗೆ ಅಲ್ಲಿಯ ಶ್ರೀಮಂತರು ಮರುಳಾಗಿದ್ದರಂತೆ. ಬೇಸಿಗೆಯ ಹೊಸ ಗಡಿಗೆಯ ನೀರನ್ನು ಕುಡಿದ ನಮ್ಮ ಕಡೆಯ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ದೇಶದ ಇನ್ನೊಂದು ಸಂಗತಿಯು ನನ್ನನ್ನು ಹೆಚ್ಚು ಕಾಡುತ್ತದೆ. ಉತ್ತರ ಮೆಕ್ಸಿಕೋದ ಪಾಕಿಮೆ ಎಂಬ ಪ್ರಾಚೀನ ನಗರವು ಹದಿನೈದನೆಯ ಶತಮಾನದಲ್ಲಿ ಹಾಳುಬಿದ್ದಿತು. ಅದರೊಡನೆ ಅಲ್ಲಿಯ ಚಿತ್ರದ ಮಡಕೆಗಳ ವಿದ್ಯೆಯೂ ಅಳಿಯಿತು. ಸುಮಾರು ಐದು ನೂರು ವರ್ಷಗಳ ಮೇಲೆ, ಹತ್ತಿರದ ಮಾತಾ ಓರ್ತಿಸ್ ಎಂಬ ಹಳ್ಳಿಯ ಹುವಾನ್ ಕೆಸಾದಾ ಎಂಬ ಹುಡುಗನು ಕಟ್ಟಿಗೆ ತರಲು ಗುಡ್ಡಕ್ಕೆ ಹೋದಾಗ ಆ ಹಳೆಯ ಮಡಕೆಗಳ ಚೂರುಗಳನ್ನು ಕಂಡನು. ಅವನು ೧೯೪೦ರಲ್ಲಿ ಹುಟ್ಟಿದವನು. ಕಲಿಸುವ ಗುರು ಯಾರೂ ಇರಲಿಲ್ಲ. ಚೂರುಗಳನ್ನೇ ಗುರುವೆಂದು ಇಟ್ಟುಕೊಂಡು, ಮಣ್ಣನ್ನು ಹುಡುಕಿ, ಕೂದಲಿನ ಕುಂಚ ಕಟ್ಟಿ, ಸಗಣಿಯ ಬೆಂಕಿಯಲ್ಲಿ ಸುಟ್ಟು, ವರ್ಷಗಟ್ಟಲೆ ಒಡೆಯುತ್ತ ಕಟ್ಟುತ್ತ ಆ ವಿದ್ಯೆಯನ್ನು ತಾನೇ ಮತ್ತೆ ಕಂಡುಕೊಂಡನು. ೧೯೭೬ರಲ್ಲಿ ಅಮೇರಿಕದ ಒಬ್ಬ ವಿದ್ವಾಂಸನ ಕಣ್ಣಿಗೆ ಅವನ ಪಾತ್ರೆಗಳು ಬಿದ್ದವು, ಮುಂದೆ ಲೋಕಪ್ರಸಿದ್ಧವಾದವು. ೨೦೨೨ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಆ ಚಿಕ್ಕ ಹಳ್ಳಿಯಲ್ಲಿ ನೂರಾರು ಜನರು ಆ ಕೆಲಸದಿಂದ ಅನ್ನ ಉಣ್ಣುತ್ತಿದ್ದರು. ಇದನ್ನು ಓದಿದ ದಿನ ನನಗೆ ನಿದ್ರೆ ಬರಲಿಲ್ಲ. ಅವನು ಚೂರುಗಳಿಂದ ಕಲಿತನು. ನನ್ನ ಮುಂದೆ ಜೀವಂತವಾದ ಗುರುವು ಹಲಗೆಯನ್ನು ಹಿಡಿದು ನಿಂತಿದ್ದನು, ನಾನು ಎದ್ದುಹೋದೆನು.

ಅಜ್ಜನು ತೀರಿಕೊಂಡ ಮೇಲೆ ಅವ್ವನು ಕೆಲವು ವರ್ಷ ಮಣ್ಣೆತ್ತುಗಳನ್ನು ಮಾಡಿದಳು. ಊರಿಗೆ ಮೊದಲು ಹಿತ್ತಾಳೆಯ ಕೊಡಗಳು, ಆಮೇಲೆ ಉಕ್ಕಿನವು, ಕೊನೆಗೆ ಪ್ಲಾಸ್ಟಿಕಿನವು ಬಂದವು. ತಿಗರಿಯು ಹಿತ್ತಲಿನ ಗೋಡೆಗೆ ಒರಗಿ ಮಳೆಯಲ್ಲಿ ನೆನೆದು ಬಿಸಿಲಿಗೆ ಸೀಳಿತು. ಅದನ್ನು ಒಳಗೆ ತಂದಿಡಬೇಕೆಂದು ನನಗೆ ತೋಚಿದಾಗ ಅದರ ಕಟ್ಟಿಗೆಯು ಒಲೆಗೆ ಹೋಗಿ ಬಹಳ ದಿನಗಳಾಗಿದ್ದವು. ಇದಕ್ಕೆ ಕಾಲವನ್ನು ದೂರಬಹುದು. ಆದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ, ನಮ್ಮ ಮನೆಯ ಮಟ್ಟಿಗೆ ಆ ದೊಣ್ಣೆಯು ಯಾರ ಕೈಯಲ್ಲಿತ್ತೆಂಬುದು ನನಗೆ ತಿಳಿದೇ ಇತ್ತು.

ವೃತ್ತಿಯ ಕೊನೆಯ ವರ್ಷಗಳಲ್ಲಿ ನಾನು ಗುಂಡಯ್ಯನ ಚರಿತ್ರೆಯನ್ನು ಬೇರೆ ರೀತಿಯಲ್ಲಿ ಹೇಳಲು ಮೊದಲು ಮಾಡಿದೆನು. ಅಜ್ಜನ ಈ ಗಡಿಗೆಯನ್ನು ತರಗತಿಗೆ ಒಯ್ದು, ಮೇಜಿನ ಮೇಲಿಟ್ಟು, ಇದು ನಮ್ಮ ಮನೆಯ ಕೆಲಸವೆಂದು ಮೊದಲು ಹೇಳಿ, ಆಮೇಲೆ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದೆನು. ಗದ್ದಲದ ತರಗತಿಯು ಆ ಒಂದು ದನಿಗೆ ಸುಮ್ಮನಾಗುತ್ತಿತ್ತು. ಬಳಿಕ ಭಲ್ಲುಕೆಯ ಅಂಗಳದ ಕಥೆಯನ್ನು ಹೇಳುತ್ತಿದ್ದೆನು. ಒಮ್ಮೆ ಕೊನೆಯ ಬೆಂಚಿನಿಂದ ಒಬ್ಬ ಹುಡುಗನು ಎದ್ದು, ತಮ್ಮ ಮನೆಯಲ್ಲಿಯೂ ತಿಗರಿಯಿದೆಯೆಂದು ಎಲ್ಲರೆದುರು ಹೇಳಿದನು. ಯಾರೂ ನಗಲಿಲ್ಲ. ನನ್ನ ಅಧ್ಯಾಪಕ ವೃತ್ತಿಯಲ್ಲಿ ನಾನು ಸಾಧಿಸಿದ್ದ ದೊಡ್ಡ ಸಂಗತಿಯೇನಾದರೂ ಇದ್ದರೆ ಅದು ಅಷ್ಟೇ.

ಬೇಸಿಗೆಯ ಮೊದಲಲ್ಲಿ ಬೀಳಗಿಯ ಸಂತೆಯಲ್ಲಾಗಲಿ ಜಮಖಂಡಿಯ ಪೇಟೆಯಲ್ಲಾಗಲಿ ಗಡಿಗೆಗಳ ರಾಶಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಕೊಳ್ಳಲು ಬಂದ ಪ್ರತಿಯೊಬ್ಬರೂ ಗಡಿಗೆಯನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳಿನಿಂದ ತಟ್ಟುತ್ತಾರೆ. ಮುದುಕಿಯರೂ ತಟ್ಟುತ್ತಾರೆ, ಮಕ್ಕಳೂ ತಟ್ಟುತ್ತಾರೆ. ಹರಿಹರನ ಹೆಸರನ್ನು ಕೇಳದವರೂ ಗುಂಡಯ್ಯನು ಮಾಡಿದ್ದನ್ನೇ ಮಾಡುತ್ತಾರೆ. ಮೈಮೇಲೆ ಚಿತ್ರವಿದೆಯೇ ಎಂದು ಅವರಾರೂ ನೋಡುವುದಿಲ್ಲ. ಒಳಗೆ ದನಿಯಿದೆಯೇ ಎಂದು ಕೇಳುತ್ತಾರೆ. ಮುಂದಿನ ರಜೆಗೆ ನನ್ನ ವಿದ್ಯಾರ್ಥಿಯು ಬಂದಾಗ ಅವನನ್ನು ಆ ಸಂತೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಒಂದು ಗಡಿಗೆಯನ್ನು ಅವನೇ ತಟ್ಟಿ ಆರಿಸಲಿ.